ಹೆಪ್ಪು

ಜೋಳದ ಡಬ್ಬಿಯ ಮ್ಯಾಲಿನ ಗೂಡಿನಾಗ
ಶಹಾಬಾದ್ ಕಲ್ಲಿನ ತುಂಡಿಟ್ಟು, ಅದರ ಮ್ಯಾಲ ಇಟ್ಟೀನಿ:
ಸ್ಕ್ರೀನ್ ಒಡೆದ ಹಳೇ ಲ್ಯಾಪ್‌ಟಾಪ್,
ಸೂಪರ್ ಮಾರ್ಕೆಟ್‌ನಾಗ ಚೌಕಾಸಿ ಮಾಡಿ ಮೂರು ಸಾವಿರದ ಇನ್ನೂರಕ್ಕ ತಂದಿದ್ದು.
ಮುಖ ಇಲ್ಲ. ಉಸಿರು ಅದ.
ನಮ್ಮ ಭೀಸಿ ಲೆಕ್ಕ ಈಗ ಅದರ ಹೊಟ್ಟ್ಯಾಗ.

ಮೊದಲು ಕಂಪನಿಯ ಮೋಡದಾಗ ಇತ್ತು. ಪುಕ್ಕಟೆ ಅಂದಿದ್ರು.
ಪಿತ್ತಕೋಶದ ಆಪರೇಶನ್‌ಗಂತ ಅಂಬವ್ವ ಭೀಸಿ ಎತ್ತಿದ ಮರುದಿನ
ಆಕಿ ಫೋನಿಗೆ ಸಾಲದ ಜಾಹೀರಾತು
ಪಾಳಿ ಹಚ್ಚಿ ಬಂದ್ವು.
‘ಯಾರಿಗಿ ಹೇಳಿದ್ದಿ?’ ಅಂತ ನನಗೇ ಕೇಳಿದ್ಳು.
ಯಾರಿಗೂ ಹೇಳಿದ್ದಿಲ್ಲ. ಬರೆದಿಟ್ಟಿದ್ದೆ, ಅಷ್ಟೇ.
ಲೆಕ್ಕದ ವಾಸನಿ ಹಿಡಿದು ಬಂದ್ವೋ,
ದವಾಖಾನಿ ದಾರಿ ನೋಡಿ ಬಂದ್ವೋ,
ಇವತ್ತಿಗೂ ಗೊತ್ತಿಲ್ಲ.
ಖರೆ, ಬರೆಯೋದೂ ಹೇಳಿದಂಗೇ ಏನು ಅಂತ
ಆ ರಾತ್ರಿ ನಿದ್ದಿ ಬರಲಿಲ್ಲ.

ಹನ್ನೊಂದು ರಾತ್ರಿ ಹಿಡೀತು.
ಯಾದಗಿರಿಯಿಂದ ಸಬೀಹಾ ಫೋನಿನಾಗ ಒಂದೊಂದೇ ಅಕ್ಷರ ಹೇಳೋದು,
ನಾನು ಟಿ.ವಿ.ಗೆ ವೈರ್ ಹಚ್ಚಿ ಕರೀ ಪರದೆ ಮ್ಯಾಲ ಹೊಡಿಯೋದು.
ಜಗದೇವಿ ಅತ್ತಿ ಧಾರಾವಾಹಿ ಬಿಟ್ಟು
ಬಿಳಿ ಸಾಲು ಏರೋದನ್ನೇ ನೋಡ್ಕೋತ ಕುಂತಳು.
‘ಇದರಾಗ ಸೊಸಿ ಯಾರು?’ ಅಂದ್ಳು ಒಮ್ಮೆ.
ರಂಗೋಲಿಗಿಂತ ಹಟಮಾರಿ ಕೆಲಸ:
ಒಂದು ಚುಕ್ಕಿ ತಪ್ಪಿದ್ರ ಬಾಗಲೇ ತೆಗೀವಲ್ದು.

ತೆಗೀತು.
ಹನ್ನೆರಡೂ ಮಂದಿ ನೋಡಾಕ ಬಂದ್ರು,
ಬಾಣಂತಿ ನೋಡಾಕ ಬಂದಂಗ.
ಕಲ್ಯಾಣಮ್ಮ ಕೈ ಇಟ್ಟು, ‘ಯವ್ವಾ, ಬಿಸಿ ಅದ!’
‘ಭೀಸಿ ಇದ್ದಲ್ಲಿ ಬಿಸಿ ಇರ್ಲಾರದೇನು’ ಅಂದೆ.
ನಗು ಗೂಡಿನ ತನಕ ಹೋತು, ಫ್ಯಾನ್ ಸದ್ದು ಕೇಳಲಿಲ್ಲ.
ಮರುದಿನ ಅತ್ತಿ, ಧೂಳ ಕೂಡ್ತದಂತ,
ಕ್ರೋಶಾ ಹೊದಿಕಿ ಹೊದಿಸಿದ್ಳು.
ತಾಸಿನಾಗ ಉಸಿರುಗಟ್ಟಿ ಮಲಗಿತು ಪಾಪ.

ಮೇ ತಿಂಗಳು. ಕರೆಂಟ್ ಹೋತಂದ್ರ
ನನ್ನ ಫೋನ್ ಹೊಡ್ಕೋತದ:
‘ಮೋಡ ಬಂದ್ ಆಗ್ಯಾದೇನ್ರಿ?’
ಆಗ್ಯಾದ್ರಿ. ಮ್ಯಾಲೂ ಇಲ್ಲ, ಗೂಡಿನಾಗೂ ಇಲ್ಲ.
ಕಂಪನಿಗೆ ಬೈಯಬಹುದಿತ್ತು. ಈಗ ಯಾರಿಗಿ ಬೈಯಲಿ?
ಇನ್ವರ್ಟರ್‌ಗಂತ ಭೀಸಿಯಾಗೇ ಹೆಸರು ಬರೆಸೀನಿ,
ನನ್ನ ಪಾಳಿ ಕಾರ್ತೀಕಕ್ಕ.

ಅಷ್ಟರಾಗ ಒಂದು ಸಂಜಿ ಒಳಗ
ಟಕ್ ಟಕ್, ಟಕ್ ಟಕ್,
ಯಾರೋ ಉಗುರಿನಿಂದ ಬಾಗಲ ಬಡಿದಂಗ.
ಆಮ್ಯಾಲ ಸುಮ್ಮನಾತು.
ಹಾರ್ಡ್ ಡಿಸ್ಕ್ ಹೋಗ್ಯಾದ ಅಂದೆ. ಕೈ ತಣ್ಣಗಾಗಿತ್ತು.
ಅತ್ತಿ ಹಿಟ್ಟು ನಾದ್ಲತ್ತಿದ್ಳು. ತಲಿ ಎತ್ತಲಿಲ್ಲ.
‘ಹೆಪ್ಪು ಕೊಟ್ಟಿದ್ದಿಲ್ಲೋ ಯಾರಿಗರೆ?’

ಮೊಸರಿನ ಮಾತು ಅಂದ್ಕೊಂಡೆ. ಅಲ್ಲ.
ನಮ್ಮ ಗಡಿಗಿ ಹುಳಿತಾಗೆಲ್ಲ
ಆಚಿ ಮನಿ ನಸೀಮಾಬಿಯ ಗಡಿಗಿಯಿಂದ ಒಂದು ಚಮಚಾ ಬರ್ತಿತ್ತು.
ಆಕಿ ಅದನ್ನ ಒಯ್ದಿದ್ದು ನಮ್ಮಲ್ಲಿಂದೇ,
ಯಾವ ವರ್ಷವೋ.
ನಾನೂ ಕೊಟ್ಟಿದ್ದೆ. ದಿನಾ ರಾತ್ರಿ ಎರಡಕ್ಕ
ಸಬೀಹಾನ ಯಂತ್ರಕ್ಕ ನಮ್ಮ ಲೆಕ್ಕ ಹೋಗ್ತದ, ಕೀಲಿ ಹಾಕ್ಕೊಂಡು.
ಇಟ್ಕೊಂಡಾಳ, ತೆಗದು ನೋಡಾಕ ಬರಂಗಿಲ್ಲ ಆಕಿಗಿ.
ಆಕಿಯ ಅಪ್ಪನ ದನಿ, ಫೋಟೋ, ಮಾರ್ಕ್ಸ್ ಕಾರ್ಡು
ನನ್ನ ಗೂಡಿನಾಗ ಹಂಗೇ ಮಲಗ್ತಿದ್ವು.
ಅವೂ ಹೋದ್ವು ಅಂದೆ ಫೋನಿನಾಗ.
‘ನನ್ನ ಹತ್ರ ಅವ ಅಲ್ಲೇನು. ಹೊಳ್ಳಿ ಕೊಡ್ತೀನಿ’ ಅಂದ್ಳು.

ಮರುದಿನ ಸಂಜಿ ಗಾಡಿಗೆ ಆಕಿ ತಮ್ಮ ಬಂದ,
ಹೊಸಾ ಡಿಸ್ಕನ್ನ ಕರವಸ್ತ್ರದಾಗ ಸುತ್ಕೊಂಡು.
ಹಚ್ಚಿ, ಚಾಲು ಮಾಡಿ,
ಗೂಡಿನ ಸನಿಹ ಯಾರೂ ಹಾಯಬ್ಯಾಡ್ರಿ ಅಂದಳು ಅತ್ತಿ.
ಅಲುಗಾಡಿಸಿದ್ರ ಕೂಡಂಗಿಲ್ಲಂತ.

ಮುಂಜಾನಿ ತೆಗದು ನೋಡಿದೆ.
ಹನ್ನೆರಡೂ ಹೆಸರು ಕುಂತಿದ್ವು.
ಅಂಬವ್ವನ ಮುಂದ ಅದೇ ಐದು ಸಾವಿರ,
ಅವಸರದಾಗ ನಾನು ಒತ್ತಕ್ಷರ ನುಂಗಿದ
‘ಅಂಬವ’ ಸುದ್ದಾ.
ತಿದ್ದಾಕ ಕೈ ಹೋತು.
ಬಿಟ್ಟೆ.